ಮಡಚುವ ಫೋನು ಮತ್ತು ಮನೆಯೊಳಗಿನ ಹೆಣ್ಣು

(ಮೈಸೂರಿನ ಮಂಡಕಳ್ಳಿಯಲ್ಲಿ ಸ್ತ್ರೀಶಕ್ತಿ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ಬಗ್ಗೆ ಮಾತಾಡಲು ನೀವು ನನ್ನನ್ನು ಕರೆದಿರಿ. ನಾನು ಮಾತ್ರ ಕೈಯಲ್ಲಿ ಒಂದು ಫೋನು ಹಿಡಿದು ನಿಂತಿದ್ದೇನೆ. ಅದೂ ಕುಂಕುಮದ ಭರಣಿಯ ಹಾಗೆ ಮುಚ್ಚಳ ತೆರೆದು ಮುಚ್ಚುವ ಬಟನ್ ಫೋನು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕಿರಿ. ನಗಬೇಕಾದ್ದೇ. ತಲೆಯ ಮೇಲೆ ವಿಮಾನ ಹಾರುವ ಊರು ನಿಮ್ಮದು. 2010ರಲ್ಲಿ ಇಲ್ಲಿ ಹೊಸ ವಿಮಾನ ನಿಲ್ದಾಣ ಆರಂಭವಾದಾಗ ನೋಡಲು ಬಂದ ಜನರಲ್ಲಿ ನಾನೂ ಒಬ್ಬಳು. ಇಂಥ ಊರಿಗೆ ಬಂದು ಈ ಹಳೆಯ ಕಾಲದ ವಸ್ತು ತೋರಿಸುತ್ತಿದ್ದಾಳಲ್ಲ ಈ ಮೇಡಂ ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ. ಆದರೆ ಸ್ವಲ್ಪ ತಾಳ್ಮೆಯಿಂದ ಕೇಳಿ. ಈ ಫೋನಿನ ಒಳಿತು ಕೆಡುಕುಗಳ ಲೆಕ್ಕ ಹಾಕುತ್ತಾ ಹೋದರೆ ನಾವು ಬಂದ ವಿಷಯಕ್ಕೇ ಬಂದು ನಿಲ್ಲುತ್ತೇವೆ.

ಮೊದಲು ಒಂದು ಹಳೆಯ ಸಂಗತಿ ಹೇಳುತ್ತೇನೆ. 1991ನೇ ಇಸವಿ. ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಇದ್ದದ್ದು ಒಂದೇ ಫೋನು, ಕಚೇರಿಯ ಮೇಜಿನ ಮೇಲೆ. ಬಿ.ಎ. ಎರಡನೇ ವರ್ಷದಲ್ಲಿ ಮದುವೆಯಾಗಿ ಓದು ಬಿಟ್ಟುಹೋದ ಒಬ್ಬ ವಿದ್ಯಾರ್ಥಿನಿ ಇದ್ದಳು. ಚುರುಕು ಹುಡುಗಿ. ಅವಳ ಗಂಡನ ಮನೆಯಲ್ಲಿ ಆಗಲೇ ಫೋನಿತ್ತು. ಆದರೆ ಆ ಫೋನಿನ ಡಯಲ್ಲಿಗೆ ಒಂದು ಪುಟ್ಟ ಬೀಗ. ಆ ಕಾಲದವರಿಗೆ ನೆನಪಿರಬಹುದು, ಬೆರಳು ಹಾಕಿ ತಿರುಗಿಸುವ ರಂಧ್ರಕ್ಕೆ ಸಿಕ್ಕಿಸುವ ಬೀಗ ಅದು. ಬೀಗದಕೈ ಅತ್ತೆಯ ಸೊಂಟದಲ್ಲಿ. ಹೊರಗಿನಿಂದ ಕರೆ ಬಂದರೆ ಎತ್ತಬಹುದು, ಒಳಗಿನಿಂದ ಮಾಡುವಂತಿಲ್ಲ. ಬರೆದ ಕಾಗದವೂ ಅಷ್ಟೆ. ಇನ್‌ಲ್ಯಾಂಡ್ ಪತ್ರ ಅಂಚೆ ಪೆಟ್ಟಿಗೆ ಸೇರುವ ಮೊದಲು ಮನೆಯ ಮೂವರು ಓದುತ್ತಿದ್ದರು.

ಒಂದು ಮಧ್ಯಾಹ್ನ ಆ ಹುಡುಗಿ ಯಾವುದೋ ಅಂಗಡಿಯಿಂದ ಕಾಲೇಜಿಗೆ ಫೋನು ಮಾಡಿದಳು. ನಾನು ತರಗತಿಯಲ್ಲಿದ್ದೆ. ಜವಾನ ಬಂದು ಬಾಗಿಲಲ್ಲಿ ನಿಂತ. "ಯಾರೋ ಹಳೇ ಸ್ಟೂಡೆಂಟಂತೆ ಮೇಡಂ" ಅಂದ. ಪಾಠ ಮುಗಿಯಲು ಇನ್ನು ಹತ್ತು ನಿಮಿಷವಿತ್ತು. ಆಮೇಲೆ ಮಾಡಲು ಹೇಳಪ್ಪ ಎಂದೆ. ಅವಳು ಆಮೇಲೆ ಮಾಡಲಿಲ್ಲ. ಮಾಡಲು ಅವಳ ಬಳಿ ಫೋನು ಎಲ್ಲಿತ್ತು? ಮೂರು ವಾರಗಳಾದ ಮೇಲೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು: ಸ್ಟೋವ್ ಸಿಡಿದು ಗೃಹಿಣಿ ಸಾವು. ಅತ್ತೆಯ ಕೈಯಲ್ಲಿ, ಮಾವನ ಕೈಯಲ್ಲಿ, ಗಂಡನ ಕೈಯಲ್ಲಿ ಎಂದೂ ಸಿಡಿಯದ ಸ್ಟೋವು ಸೊಸೆಯ ಕೈಯಲ್ಲೇ ಏಕೆ ಸಿಡಿಯುತ್ತದೆ ಎಂದು ಆ ದಿನಗಳಲ್ಲಿ ನಾವು ಬೀದಿಯಲ್ಲಿ ನಿಂತು ಕೇಳಿದೆವು. ಆದರೆ ಆ ಹತ್ತು ನಿಮಿಷದ ಲೆಕ್ಕವನ್ನು ನಾನು ಯಾರ ಮುಂದೆಯೂ ಕೊಟ್ಟಿರಲಿಲ್ಲ. ಇಂದು ನಿಮ್ಮ ಮುಂದೆ ಕೊಡುತ್ತಿದ್ದೇನೆ.

ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ದಿಲ್ಲಿಗೆ. ಅದರ ಮರುವರ್ಷವೇ ಮೋಟೊರೋಲಾ ಕಂಪನಿಯ ಮಡಚುವ ಫೋನು ಹೊರದೇಶಗಳಲ್ಲಿ ಮಾರಾಟಕ್ಕೆ ಬಂತು. ಡಯಲ್ಲಿಗೆ ಹಾಕುವ ಬೀಗದ ಕಾಲ ಇನ್ನು ಮುಗಿಯಿತು, ಪ್ರತಿ ಹೆಣ್ಣಿನ ಕೈಗೂ ಒಂದು ಫೋನು ಬಂದರೆ ಸಾಕು ಎಂದು ನಂಬಿದವರಲ್ಲಿ ನಾನೂ ಒಬ್ಬಳು. ಹಾಗಾಯಿತೇ? 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ತಾನೇ ಬಳಸುವ ಸ್ವಂತ ಮೊಬೈಲ್ ಇರುವ ಹೆಂಗಸರು ನೂರಕ್ಕೆ ಸುಮಾರು 54. ಅದೇ ಸಮೀಕ್ಷೆಯಲ್ಲಿ, ಮದುವೆಯಾದ ಮೇಲೆ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದು ಹೇಳಿಕೊಂಡ ಕರ್ನಾಟಕದ ಹೆಂಗಸರು ನೂರಕ್ಕೆ 44. ಈ ಎರಡು ಅಂಕಿಗಳನ್ನು ನಾನು ಯಾವಾಗಲೂ ಒಟ್ಟಿಗೆ ಇಟ್ಟುಕೊಂಡು ನೋಡುತ್ತೇನೆ.

ಈಗ ಈ ಫೋನಿನ ವಿಷಯಕ್ಕೆ ಬರೋಣ. ನಿವೃತ್ತಿಯಾದ ಮೇಲೆ ಮನೆಯವರು ದೊಡ್ಡ ಫೋನು ಕೊಡಿಸಿದರು. ದಿನವಿಡೀ ಅದರಲ್ಲಿ ಮುಖವಿಟ್ಟು ಕತ್ತು ನೋವು ಬಂತು. ಬೆಳಗಿನ ಓದು ನಿಂತಿತು. ಒಂದು ದಿನ ಅಂಗಡಿಗೆ ಹೋಗಿ ಐದು ಸಾವಿರದೊಳಗೆ ಈ ಮಡಚುವ ಫೋನು ತಂದೆ. ಇದರ ಸುಖ ಬಹಳ. ಒಮ್ಮೆ ಚಾರ್ಜ್ ಮಾಡಿದರೆ ಮೂರು ನಾಲ್ಕು ದಿನ ಬರುತ್ತದೆ. ಗುಂಡಿಗಳು ದೊಡ್ಡವು, ಕನ್ನಡಕವಿಲ್ಲದೆ ಒತ್ತಬಹುದು. ಮುಚ್ಚಳವಿರುವುದರಿಂದ ಕೈಚೀಲದಲ್ಲಿ ತಾನಾಗಿ ಯಾರಿಗೂ ಕರೆ ಹೋಗುವುದಿಲ್ಲ. ಅಡಿಗೆಮನೆಯ ಕಟ್ಟೆಯಿಂದ ಎರಡು ಸಲ ಬಿದ್ದಿದೆ, ಏನೂ ಆಗಿಲ್ಲ. ರೇಡಿಯೋ ಇದೆ, ಟಾರ್ಚ್ ಇದೆ. ಮಾತು ಮುಗಿದ ಮೇಲೆ ಟಪ್ಪೆಂದು ಮುಚ್ಚಿದರೆ ಮುಗಿಯಿತು. ಆ ಸದ್ದಿನಲ್ಲಿ ಒಂದು ಸಮಾಧಾನವಿದೆ. ನಾನು ಬೇಕೆಂದಾಗ ಲೋಕ ತೆರೆಯುತ್ತದೆ, ಬೇಡವೆಂದಾಗ ಮುಚ್ಚುತ್ತದೆ.

ಕಷ್ಟಗಳೂ ಇವೆ, ಮುಚ್ಚಿಡುವುದಿಲ್ಲ. ಮೊಮ್ಮಗಳ ಶಾಲೆಯ ಸೂಚನೆಗಳೆಲ್ಲ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುತ್ತವೆ, ನನ್ನ ಫೋನಿಗೆ ಬರುವುದಿಲ್ಲ. ರಕ್ತಪರೀಕ್ಷೆಯ ವರದಿಯನ್ನು ಪಕ್ಕದ ಮನೆಯವರ ಫೋನಿಗೆ ತರಿಸಿಕೊಂಡೆ, ಹಾಗಾಗಿ ನನ್ನ ಸಕ್ಕರೆ ಕಾಯಿಲೆ ಬೀದಿಗೆಲ್ಲ ಗೊತ್ತಾಯಿತು. ಕನ್ನಡದಲ್ಲಿ ಬಂದ ಕೆಲವು ಸಂದೇಶಗಳು ಬರೀ ಚೌಕಗಳಾಗಿ ಕಾಣುತ್ತವೆ. ಕನ್ನಡದಲ್ಲಿ ಒಂದು ಸಾಲು ಬರೆಯಲು ಒಂದೇ ಗುಂಡಿಯನ್ನು ನಾಲ್ಕು ಸಲ ಒತ್ತಬೇಕು. ತರಕಾರಿಯವನಿಗೆ ದುಡ್ಡು ಕೊಡಲು ಎಲ್ಲರೂ ಫೋನು ಎತ್ತಿ ಹಿಡಿದಾಗ ನಾನು ಚಿಲ್ಲರೆ ಹುಡುಕುತ್ತೇನೆ. ಬಟನ್ ಫೋನಿನಿಂದಲೂ ಹಣ ಕಳಿಸಲು 2022ರಲ್ಲಿ ರಿಸರ್ವ್ ಬ್ಯಾಂಕು ಯುಪಿಐ 123ಪೇ ಎಂಬ ವ್ಯವಸ್ಥೆ ತಂದಿದೆ. ಆದರೆ ಅದನ್ನು ಹೇಳಿಕೊಡುವವರು ಬ್ಯಾಂಕಿನ ಕಿಟಕಿಯಲ್ಲಿ ನನಗೆ ಸಿಕ್ಕಿಲ್ಲ. ಇನ್ನು ಕ್ಯಾಮೆರಾ. ಇದರಲ್ಲಿ ತೆಗೆದ ಚಿತ್ರದಲ್ಲಿ ಮುಖದ ಮೇಲಿರುವುದು ಬಾವೋ ನೆರಳೋ ಎಂದು ಹೇಳಲಾಗುವುದಿಲ್ಲ. ನಮ್ಮಂಥ ಕೆಲಸ ಮಾಡುವವರಿಗೆ ಇದು ಸಣ್ಣ ಕೊರತೆಯಲ್ಲ.

ಇದು ನನ್ನ ಲೆಕ್ಕ. ಆದರೆ ಗೆಳತಿಯರೆ, ಒಂದು ಮಾತು ಗಮನಿಸಿ. ಈ ಫೋನನ್ನು ಆರಿಸಿಕೊಂಡವಳು ನಾನು. ನನಗೆ ಪಿಂಚಣಿ ಬರುತ್ತದೆ. ಬೇಸರವಾದರೆ ನಾಳೆಯೇ ಇದನ್ನು ಬಿಟ್ಟು ಇನ್ನೊಂದು ಕೊಳ್ಳಬಲ್ಲೆ. ಇದೇ ಫೋನು "ಅವಳಿಗೆ ಇದು ಸಾಕು" ಎಂಬ ಮಾತಿನ ಜೊತೆಗೆ ಒಬ್ಬ ಸೊಸೆಯ ಕೈಗೆ ಬಂದರೆ ಅದರ ಅರ್ಥವೇ ಬೇರೆ. 2025ರ ಡಿಸೆಂಬರಿನಲ್ಲಿ ರಾಜಸ್ಥಾನದ ಜಾಲೋರ್ ಜಿಲ್ಲೆಯಲ್ಲಿ ಒಂದು ಜಾತಿ ಪಂಚಾಯಿತಿ ಸೇರಿ, ಹದಿನೈದು ಹಳ್ಳಿಗಳ ಹೆಣ್ಣುಮಕ್ಕಳು ಸೊಸೆಯಂದಿರು ಸ್ಮಾರ್ಟ್‌ಫೋನ್ ಬಳಸಕೂಡದು, ಬಟನ್ ಫೋನು ಮಾತ್ರ ಇಟ್ಟುಕೊಳ್ಳಬಹುದು ಎಂದು ತೀರ್ಮಾನಿಸಿತು. ದೇಶದಾದ್ಯಂತ ಟೀಕೆ ಬಂದ ಮೇಲೆ ಅದನ್ನು ಹಿಂದಕ್ಕೆ ಪಡೆದರು. ಗಂಡಸರಿಗೆ ಅಂಥ ನಿಯಮ ಇರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಅದು ದೂರದ ರಾಜಸ್ಥಾನ ಎಂದು ನಾವು ನೆಮ್ಮದಿಯಿಂದಿರುವಂತಿಲ್ಲ. ನಮ್ಮ ಕಡೆ ಪಂಚಾಯಿತಿ ಸೇರುವುದಿಲ್ಲ ಅಷ್ಟೆ. ತೀರ್ಮಾನ ನಡುಮನೆಯಲ್ಲೇ ಆಗುತ್ತದೆ. ಮದುವೆಯ ಮಾತುಕತೆಯಲ್ಲಿ ಹುಡುಗನಿಗೆ ಎಪ್ಪತ್ತು ಸಾವಿರದ ಫೋನು ಕೇಳುತ್ತಾರೆ. ಮದುವೆಯಾಗಿ ಬಂದ ಹುಡುಗಿಗೆ ಬಟನ್ ಫೋನು. ಕೇಳಿ ಪಡೆದ ಆ ಎಪ್ಪತ್ತು ಸಾವಿರದ ಫೋನೂ 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಪ್ರಕಾರ ವರದಕ್ಷಿಣೆಯೇ. ಉಡುಗೊರೆ ಎಂದು ಹೆಸರಿಟ್ಟ ಮಾತ್ರಕ್ಕೆ ಕೇಳಿ ವಸೂಲು ಮಾಡಿದ್ದು ಬೇರೆಯಾಗುವುದಿಲ್ಲ.

ಹಾಗಾದರೆ ದೊಡ್ಡ ಫೋನು ಕೊಡಿಸಿದ ಗಂಡ ಒಳ್ಳೆಯವನೋ? ಅದನ್ನೂ ನೋಡೋಣ. ಈ ನಂಜನಗೂಡು ರಸ್ತೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ಒಬ್ಬ ಹೆಣ್ಣುಮಗಳು ಕೆಲವು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದಿದ್ದಳು. ಗಂಡ ಅವಳಿಗೆ ಹೊಸ ಸ್ಮಾರ್ಟ್‌ಫೋನು ತಂದುಕೊಟ್ಟಿದ್ದ. ಎಷ್ಟು ಪ್ರೀತಿ ಎಂದು ಜೊತೆಯವರೆಲ್ಲ ಹೊಟ್ಟೆಕಿಚ್ಚು ಪಟ್ಟರು. ನಿಧಾನವಾಗಿ ಅವಳಿಗೆ ಒಂದು ವಿಚಿತ್ರ ಕಾಣತೊಡಗಿತು. ಮಧ್ಯಾಹ್ನ ತಾಯಿಯ ಮನೆಗೆ ಹೋಗಿ ಬಂದರೆ ಸಂಜೆ ಅವನಿಗೆ ಗೊತ್ತಿರುತ್ತಿತ್ತು. ಅಕ್ಕನಿಗೆ ಬರೆದ ಸಂದೇಶದ ಮಾತುಗಳನ್ನು ಅವನು ರಾತ್ರಿ ಊಟದ ತಟ್ಟೆಯ ಮುಂದೆ ಕೂತು ಒಪ್ಪಿಸುತ್ತಿದ್ದ. ಆಮೇಲೆ ಹೊಡೆತ. ಮನೆಯಲ್ಲಿ ಏನೋ ಮಾಟ ಮಾಡಿಸಿದ್ದಾನೆ ಎಂದೇ ಅವಳು ನಂಬಿದ್ದಳು. ಮಾಟವಲ್ಲ, ಫೋನು ಕೊಡುವಾಗಲೇ ಅದರೊಳಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದ. ಅವಳು ಎಲ್ಲಿದ್ದಾಳೆ, ಯಾರಿಗೆ ಏನು ಬರೆಯುತ್ತಾಳೆ ಎಲ್ಲವೂ ಅವನ ಫೋನಿಗೆ ಹೋಗುತ್ತಿತ್ತು.

ಅವಳು ಮಾಡಿದ ಕೆಲಸ ನನಗೆ ಪಾಠವಾಯಿತು. ದೊಡ್ಡ ಫೋನನ್ನು ಬಿಸಾಡಲಿಲ್ಲ, ಆ್ಯಪನ್ನು ಅಳಿಸಲೂ ಇಲ್ಲ. ಅಳಿಸಿದರೆ ಅವನಿಗೆ ತಕ್ಷಣ ತಿಳಿಯುತ್ತಿತ್ತು, ಅಂದೇ ಮೂಳೆ ಮುರಿಯುತ್ತಿತ್ತು. ದಿನದಂತೆ ಅದನ್ನು ಮನೆಯ ಮಾತಿಗೆ ಬಳಸುತ್ತಾ ಹೋದಳು. ಓವರ್‌ಟೈಮ್ ದುಡ್ಡಿನಲ್ಲಿ ಒಂದು ಮಡಚುವ ಫೋನು ಕೊಂಡು, ತನ್ನ ಆಧಾರ್ ಕೊಟ್ಟು ತನ್ನ ಹೆಸರಿನಲ್ಲಿ ಸಿಮ್ ಪಡೆದಳು. ಅದನ್ನು ಮನೆಗೆ ತರಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಗೆಳತಿಯ ಹತ್ತಿರ ಇಟ್ಟಿದ್ದಳು. ಊಟದ ಬಿಡುವಿನ ಅರ್ಧ ಗಂಟೆಯಲ್ಲಿ ಅದರಿಂದಲೇ ಅಕ್ಕನೊಡನೆ, ನಮ್ಮೊಡನೆ, ವಕೀಲರೊಡನೆ ಮಾತಾಡಿದಳು. ಮಕ್ಕಳೊಡನೆ ಅವಳು ಮನೆ ಬಿಟ್ಟ ದಿನ ಆ ದೊಡ್ಡ ಫೋನು ಅಡಿಗೆಮನೆಯ ಶೆಲ್ಫಿನಲ್ಲೇ ಇತ್ತು. ಅವಳು ಮನೆಯಲ್ಲೇ ಇದ್ದಾಳೆಂದು ಅದು ಸಂಜೆಯವರೆಗೆ ಅವನಿಗೆ ಸುಳ್ಳು ಹೇಳುತ್ತಾ ಕೂತಿತ್ತು.

ಇಲ್ಲಿಗೆ ನಾನು ಹೇಳಬೇಕೆಂದುಕೊಂಡ ಮಾತು ಬಂತು. ಫೋನು ಹಳೆಯದೋ ಹೊಸದೋ, ಅಗ್ಗವೋ ದುಬಾರಿಯೋ ಎಂಬುದು ಎರಡನೆಯ ಪ್ರಶ್ನೆ. ಅದನ್ನು ಆರಿಸಿದವರು ಯಾರು? ಸಿಮ್ ಯಾರ ಹೆಸರಿನಲ್ಲಿದೆ? ಅದು ರಾತ್ರಿ ಯಾರ ದಿಂಬಿನ ಪಕ್ಕದಲ್ಲಿರುತ್ತದೆ? ಈ ಮೂರಕ್ಕೂ "ನಾನು, ನನ್ನ, ನನ್ನ" ಎಂದು ಉತ್ತರ ಬಂದರೆ ಬಟನ್ ಫೋನೂ ಬಾಗಿಲು. ಬರದಿದ್ದರೆ ಲಕ್ಷ ರೂಪಾಯಿಯ ಫೋನೂ ಆ ಹಳೆಯ ಡಯಲ್ ಬೀಗದ ತಮ್ಮನೇ.

ಇಷ್ಟು ಹೇಳಿ ಹೋದರೆ ಬರೀ ಉಪನ್ಯಾಸವಾಗುತ್ತದೆ. ಆದ್ದರಿಂದ ಮನೆಗೆ ಹೋಗಿ ಮಾಡಬೇಕಾದ ಕೆಲವು ಕೆಲಸಗಳನ್ನು ಹೇಳುತ್ತೇನೆ.

ಮೊದಲನೆಯದು, ಸಿಮ್. ಗಂಡನ ಅಥವಾ ಮೈದುನನ ಹೆಸರಿನಲ್ಲಿರುವ ಸಿಮ್ಮನ್ನು ಅವರು ಯಾವ ದಿನ ಬೇಕಾದರೂ ನಿಲ್ಲಿಸಬಹುದು, ಕಳೆದುಹೋಗಿದೆ ಎಂದು ಹೇಳಿ ಅದೇ ನಂಬರಿನ ಇನ್ನೊಂದು ಸಿಮ್ ಪಡೆಯಬಹುದು. ನಿಮ್ಮ ಬ್ಯಾಂಕಿನ ಒಟಿಪಿ ಆಗ ಯಾರಿಗೆ ಹೋಗುತ್ತದೆ? ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್ 30ರಂದು ನಮ್ಮ ಮೈಸೂರಿನಲ್ಲೇ ಉದ್ಘಾಟನೆಯಾಯಿತು. ಯಜಮಾನಿಯ ಖಾತೆಗೆ ತಿಂಗಳಿಗೆ ಎರಡು ಸಾವಿರ. ಆದರೆ ಖಾತೆಗೆ ಗಂಡನ ನಂಬರು ಕೊಟ್ಟ ಮನೆಗಳಲ್ಲಿ ದುಡ್ಡು ಬಂದ ಸುದ್ದಿ ಯಜಮಾನಿಗಿಂತ ಮೊದಲು ಯಜಮಾನನಿಗೆ ತಿಳಿಯುತ್ತದೆ, ಅವಳು ಬ್ಯಾಂಕಿಗೆ ಹೊರಡುವ ಮೊದಲೇ ಅದಕ್ಕೆ ಖರ್ಚು ಹುಟ್ಟಿರುತ್ತದೆ. ಆದ್ದರಿಂದ ನಿಮ್ಮ ಹೆಸರಿನಲ್ಲಿ ಸಿಮ್ ಮಾಡಿಸಿ, ಆಧಾರ್‌ನಲ್ಲಿ, ಬ್ಯಾಂಕಿನಲ್ಲಿ ಆ ನಂಬರು ಹಾಕಿಸಿ. ಇಂಟರ್‌ನೆಟ್ ಬೇಡದವರಿಗೆ ಮಾತು ಮತ್ತು ಸಂದೇಶ ಮಾತ್ರವಿರುವ ಪ್ಯಾಕು ಕೊಡಲೇಬೇಕೆಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ಮಾಡಿದೆ. ಅಂಗಡಿಯವನು ಇಲ್ಲವೆಂದರೂ ಕೇಳಿ ಪಡೆಯಿರಿ. ಬಟನ್ ಫೋನಿಗೆ ಡೇಟಾ ದುಡ್ಡು ದಂಡ.

ಎರಡನೆಯದು, ತುರ್ತು ಗುಂಡಿ. 2017ರಿಂದ ನಮ್ಮ ದೇಶದಲ್ಲಿ ಮಾರುವ ಬಟನ್ ಫೋನುಗಳಲ್ಲಿ 5 ಅಥವಾ 9ರ ಗುಂಡಿಯನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕೆಂದು ಸರ್ಕಾರದ ನಿಯಮವಿದೆ. ನಿಮ್ಮ ಫೋನಿನಲ್ಲಿ ಅದು ಯಾವ ಗುಂಡಿ ಎಂದು ಕೊಳ್ಳುವಾಗಲೇ ಅಂಗಡಿಯಲ್ಲಿ ಕೇಳಿಕೊಳ್ಳಿ. ಕತ್ತಲಲ್ಲಿ, ಕಣ್ಣು ಊದಿದ್ದಾಗ, ನುಣುಪು ಗಾಜಿನ ಮೇಲೆ ಸಿಗದ ಅಂಕಿ ಉಬ್ಬಿದ ಗುಂಡಿಯ ಮೇಲೆ ಬೆರಳಿಗೆ ಸಿಗುತ್ತದೆ. ಸಾಮಾನ್ಯವಾಗಿ ಮಧ್ಯದ 5ರ ಮೇಲೆ ಒಂದು ಸಣ್ಣ ಚುಕ್ಕೆ ಉಬ್ಬಿರುತ್ತದೆ, ತಡವಿ ನೋಡಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098. ಇವು ಮೂರಕ್ಕೂ ಇಂಟರ್‌ನೆಟ್ ಬೇಡ. ಒಂದು ಎಚ್ಚರಿಕೆ: ಮಡಚುವ ಫೋನು ಮುಚ್ಚಿದರೆ ಕರೆ ಕಡಿದುಹೋಗುತ್ತದೆ. ಗಾಬರಿಯಲ್ಲಿ ಮುಚ್ಚಿದರೆ ಅವರು ತಿರುಗಿ ಕರೆ ಮಾಡಬಹುದು, ಆಗ ಗಂಟೆ ಬಾರಿಸಿ ಗುಟ್ಟು ರಟ್ಟಾಗುತ್ತದೆ. ಬಚ್ಚಿಟ್ಟ ಫೋನಿನ ಗಂಟೆ ಮತ್ತು ಗುಂಡಿಯ ಸದ್ದು ಎರಡನ್ನೂ ಮೊದಲೇ ನಿಲ್ಲಿಸಿಡಿ. ಚಾರ್ಜರನ್ನೂ ಮರೆಯಬೇಡಿ. ಫೋನು ಬಚ್ಚಿಟ್ಟು ಚಾರ್ಜರಿನಿಂದ ಸಿಕ್ಕಿಬಿದ್ದವರಿದ್ದಾರೆ.

ಮೂರನೆಯದು, ಸಾಕ್ಷ್ಯ. ಬೆದರಿಕೆಯ ಸಂದೇಶ ಬಂದರೆ ಅಳಿಸಬೇಡಿ. ಬಟನ್ ಫೋನಿನಲ್ಲಿ ಜಾಗ ಕಡಿಮೆ, ಹಳೆಯ ಸಂದೇಶಗಳನ್ನು ನಾವೇ ಗುಡಿಸಿಬಿಡುತ್ತೇವೆ. ಮೊದಲು ಗೆಳತಿಯ ಫೋನಿನಿಂದ ಆ ಪರದೆಯ ಚಿತ್ರ ತೆಗೆಸಿ, ತಾರೀಖು ಗಂಟೆಯನ್ನು ಪುಸ್ತಕದಲ್ಲಿ ಬರೆದಿಡಿ. ಗಾಯದ ಚಿತ್ರವನ್ನೂ ಅವಳ ಕ್ಯಾಮೆರಾದಲ್ಲೇ ತೆಗೆಸಿ, ಆದರೆ ಆಸ್ಪತ್ರೆಯ ಚೀಟಿಗೆ ಅದು ಬದಲಿಯಲ್ಲ. ಹಲವು ಬಟನ್ ಫೋನುಗಳಲ್ಲಿ ಮಾತು ಮುದ್ರಿಸುವ ಸೌಲಭ್ಯವಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥವನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಲು ಪ್ರಮಾಣಪತ್ರ ಬೇಕು. ಆದ್ದರಿಂದ ಮೂಲ ಫೋನನ್ನು, ಅದರ ಮೆಮೊರಿ ಕಾರ್ಡನ್ನು ಮಾರಬೇಡಿ, ಯಾರಿಗೂ ಕೊಡಬೇಡಿ. ಗಂಡಹೆಂಡಿರ ನಡುವೆ ಗುಟ್ಟಾಗಿ ಮುದ್ರಿಸಿದ ಮಾತನ್ನೂ ವಿವಾಹದ ದಾವೆಯಲ್ಲಿ ಸಾಕ್ಷ್ಯವಾಗಿ ತರಬಹುದೆಂದು ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ಹೇಳಿತು. ಆದರೆ ಆ ಮೊಕದ್ದಮೆಯಲ್ಲಿ ಮುದ್ರಿಸಿದವನು ಗಂಡ ಎಂಬುದನ್ನು ನೆನಪಿಡಿ. ಕತ್ತಿಗೆ ಎರಡು ಬಾಯಿ.

ನಾಲ್ಕನೆಯದು, ಕಾನೂನು. ಫೋನು ಕಿತ್ತುಕೊಂಡ, ಒಡೆದುಹಾಕಿದ, ತವರಿಗೆ ಮಾತಾಡಬಾರದೆಂದ ಎಂದು ದೂರು ಹೇಳಲು ನಮ್ಮ ಹೆಣ್ಣುಮಕ್ಕಳು ನಾಚುತ್ತಾರೆ. ಇಷ್ಟು ಸಣ್ಣದಕ್ಕೆ ಯಾರು ಹೋಗುತ್ತಾರೆ ಎನ್ನುತ್ತಾರೆ. 2006ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಲ್ಲಿ ಮೈಗೆ ಆಗುವ ಹಿಂಸೆ ಮಾತ್ರವಲ್ಲ, ಮಾತಿನ, ಮನಸ್ಸಿನ, ಹಣಕಾಸಿನ ಹಿಂಸೆಯೂ ಸೇರಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ನಮ್ಮಲ್ಲಿ ಸಂರಕ್ಷಣಾಧಿಕಾರಿಗಳು. ಅವರಿಗೆ ಹೇಳುವಾಗ ಫೋನಿನ ಸಂಗತಿಯನ್ನೂ ಹೇಳಿ, ಬರೆಸಿ. ಬೇರೆ ಬಂದ ಮೇಲೂ ಫೋನು ಮಾಡಿ ಹೆದರಿಸುತ್ತಿದ್ದರೆ, ಕರೆ, ಸಂದೇಶ ಯಾವುದರಿಂದಲೂ ಅವಳನ್ನು ಸಂಪರ್ಕಿಸಕೂಡದೆಂದು ಮ್ಯಾಜಿಸ್ಟ್ರೇಟರು ಅದೇ ಕಾಯಿದೆಯ 18ನೇ ಕಲಮಿನಲ್ಲಿ ಆಜ್ಞೆ ಮಾಡಬಹುದು. ಹಳೆಯ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. ಅಂಕಿ ಬದಲಾಗಿದೆ, ಅಪರಾಧ ಬದಲಾಗಿಲ್ಲ.

ಐದನೆಯದು, ಬಹಳ ಸುಲಭದ್ದು. ಎರಡು ನಂಬರುಗಳನ್ನು ಬಾಯಿಪಾಠ ಮಾಡಿ. ನಾವೆಲ್ಲ ಎಲ್ಲ ನಂಬರುಗಳನ್ನೂ ಫೋನಿನ ಹೊಟ್ಟೆಗೆ ಹಾಕಿ ನಮ್ಮ ತಲೆ ಖಾಲಿ ಮಾಡಿಕೊಂಡಿದ್ದೇವೆ. ಫೋನು ಕಿತ್ತುಕೊಂಡ ರಾತ್ರಿ ಪಕ್ಕದ ಮನೆಯವರು ತಮ್ಮ ಫೋನು ಕೊಟ್ಟರೂ ತವರಿನ ನಂಬರು ನೆನಪಿಲ್ಲದೆ ಅತ್ತ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ಒಂದು ತವರಿನದು, ಒಂದು ಈ ಸಂಘದ ಗೆಳತಿಯದು.

ಕೊನೆಯದಾಗಿ ನಿಮ್ಮ ಸಂಘಕ್ಕೆ ಒಂದು ಮನವಿ. ಸಂಘದ ಸೂಚನೆಗಳೆಲ್ಲ ವಾಟ್ಸ್‌ಆ್ಯಪ್ ಗುಂಪಿನಲ್ಲೇ ಹೋಗುತ್ತವೆ ಎಂದು ಕೇಳಿದೆ. ಅನುಕೂಲ ಹೌದು. ಆದರೆ ಬಟನ್ ಫೋನಿನವಳು ಆ ಗುಂಪಿನಲ್ಲಿಲ್ಲ, ಫೋನೇ ಇಲ್ಲದವಳಂತೂ ಇಲ್ಲವೇ ಇಲ್ಲ. ನಮ್ಮ ಸಹಾಯ ಹೆಚ್ಚು ಬೇಕಾದವಳು ಅವಳೇ. ಸಂಘದ ಹಣದಲ್ಲಿ ಇಂಥ ಎರಡು ಮಡಚುವ ಫೋನುಗಳನ್ನು ಕೊಂಡಿಡಿ. ಯಾವ ಮನೆಯವಳಿಗೆ ಯಾವಾಗ ಬೇಕೋ ಪ್ರಶ್ನೆ ಕೇಳದೆ ಕೊಡಿ. ಗುಂಪಿನಲ್ಲಿಲ್ಲದವರ ಮನೆಗೆ ವಾರಕ್ಕೊಮ್ಮೆ ಯಾರಾದರೂ ನಡೆದುಕೊಂಡು ಹೋಗಿ. ಮಜ್ಜಿಗೆ ಕೇಳುವ ನೆಪದಲ್ಲಾದರೂ ಹೋಗಿ. ಮುಖ ನೋಡಿ ಬನ್ನಿ.

ಈ ಸಭೆಯಲ್ಲಿ ಕೂತಿರುವಾಗ ಈಗ ಯಾರದಾದರೂ ಫೋನು ಬಡಿದುಕೊಂಡರೆ ನನಗೆ ಬೇಸರವಿಲ್ಲ. ಎದ್ದು ಹೋಗಿ ಮಾತಾಡಿ. ಭಾಷಣ ಇನ್ನೊಂದು ದಿನ ಕೇಳಬಹುದು. ಮೂವತ್ತು ವರ್ಷಗಳಿಗೂ ಹಿಂದೆ ಆ ಜವಾನ ಬಾಗಿಲಲ್ಲಿ ನಿಂತಿದ್ದಾಗ ನಾನು ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟು ಹೋಗಬೇಕಿತ್ತು. ಅಂದು ನನಗೆ ತಿಳಿಯಲಿಲ್ಲ. ಈಗ ಈ ಫೋನು ಸದಾ ನನ್ನ ಜೊತೆಗಿರುತ್ತದೆ, ರಾತ್ರಿಯೂ ದಿಂಬಿನ ಪಕ್ಕದಲ್ಲೇ. ನಂಬರು ಸಂಘದ ಕಾರ್ಯದರ್ಶಿಯವರ ಹತ್ತಿರವಿದೆ. ನಿಮ್ಮಲ್ಲಿ ಯಾರು ಯಾವ ಹೊತ್ತಿನಲ್ಲಿ ಮಾಡಿದರೂ ಆಮೇಲೆ ಮಾಡು ಎನ್ನುವುದಿಲ್ಲ.